ನಿಲ್ಲುವ ಗಂಟೆ

ಮನೆಯಿಂದ, ಅಡುಗೆಮನೆಯ ಮೇಜು
ನವೆಂಬರ್ 2, ಭಾನುವಾರ, ಮಧ್ಯಾಹ್ನ

ಪ್ರೀತಿಯ ಇವರಿಗೆ,

ಮೊದಲು ಆರೋಗ್ಯ. ಬೆನ್ನು ನೋವು ಹೇಗಿದೆ? ಎಂಜಿನ್ ರೂಮಿನ ಕಾವಿನಿಂದ ನೇರವಾಗಿ ಮೇಲಿನ ಗಾಳಿಗೆ ಬರಬೇಡಿ ಅಂತ ನಾನು ಪ್ರತಿ ಸಲ ಹೇಳುತ್ತೇನೆ, ನೀವು ಪ್ರತಿ ಸಲ ಮೂಗು ಕಟ್ಟಿಕೊಂಡೇ ಫೋನ್ ಮಾಡುತ್ತೀರಿ. ಹಡಗಿನ ಅಡುಗೆಯವನು ಬದಲಾದನಂತಲ್ಲ, ಹೊಸಬ ಉಪ್ಪನ್ನು ಅಳೆದು ಹಾಕುತ್ತಾನೋ ಅಥವಾ ಸುತ್ತಲೂ ಸಮುದ್ರವೇ ಇದೆಯಲ್ಲ ಅಂತ ಧೈರ್ಯವಾಗಿದ್ದಾನೋ? ನನ್ನ ಆರೋಗ್ಯ ಚೆನ್ನಾಗಿದೆ. ಅದೇ ಈಗ ನಾಚಿಕೆಯ ವಿಷಯ. ಕೆಲಸಕ್ಕೆ ಹೋಗುತ್ತೇನೆ, ಬರುತ್ತೇನೆ, ಒಬ್ಬಳಿಗೆ ಅನ್ನ ಮಾಡುವುದು ಇನ್ನೂ ಅಭ್ಯಾಸವಾಗಿಲ್ಲ, ಇಬ್ಬರಿಗೆ ಮಾಡಿ ಎರಡು ಹೊತ್ತು ತಿನ್ನುತ್ತೇನೆ.

ಕಾಗದ ಯಾಕೆ, ಫೋನಿಗೇನಾಗಿದೆ ಅನ್ನುತ್ತೀರಿ. ಫೋನಿನಲ್ಲಿ ಮೂರು ಸಲ ಪ್ರಯತ್ನ ಮಾಡಿದೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನೀವು "ಹಲೋ, ಹಲೋ, ಕಟ್ ಆಯ್ತಾ?" ಅಂದಿರಿ, ನಾನು "ಏನಿಲ್ಲ, ಊಟ ಆಯ್ತಾ?" ಅಂದೆ. ಮೂರು ಸಲವೂ ನಿಮ್ಮ ಊಟ ಆಗಿತ್ತು. ಅದಕ್ಕೇ ಕಾಗದ. ಅದು ಮಧ್ಯೆ ಹಲೋ ಅನ್ನುವುದಿಲ್ಲ. ನಿಮ್ಮ ಕಂಪನಿಯ ಕಚೇರಿಯ ಗುಮಾಸ್ತೆ ಇದನ್ನು ಮುಂದಿನ ಬಂದರಿನ ಟಪಾಲು ಚೀಲಕ್ಕೆ ಹಾಕುತ್ತಾಳಂತೆ, ಒಂಬತ್ತನೇ ತಾರೀಖಿಗೆ ನಿಮ್ಮ ಕೈಗೆ ಸಿಗುತ್ತದಂತೆ.

ಕಳೆದ ವಾರ ನೀವು ಹೇಳಿದ ಮಾತು ನನ್ನ ಕಿವಿಯಲ್ಲೇ ಕೂತಿದೆ. "ಅಪ್ಪನ ಮೇಲಿನ ಸಿಟ್ಟು ಇಳೀತಾನೇ ಇಲ್ಲ ಕಣೆ. ಅಷ್ಟು ದೂರದಿಂದ ತಂದು ಕೈಗೆ ಕಟ್ಟಿದೆ. ಹಟ ಮಾಡಿ ಬಿಚ್ಚಿಟ್ಟು ಹೋದ್ರು. ಒಂದೇ ಒಂದು ಮಾತು ಕೇಳಿದ್ರೆ ಇವತ್ತು ಇರ್ತಿದ್ರು. ನಂಗೆ ಅಳುನೂ ಬರ್ತಿಲ್ಲ" ಅಂದಿರಿ. ತಂದೆ ಹೋಗಿ ಒಂದೂವರೆ ತಿಂಗಳಾದರೂ ಮಗನಿಗೆ ಅಳು ಬಂದಿಲ್ಲ, ಸಿಟ್ಟು ಬಂದಿದೆ. ಆ ಸಿಟ್ಟು ತಪ್ಪು ವಿಳಾಸಕ್ಕೆ ಹೋಗಿದೆ ರೀ. ಸರಿಯಾದ ವಿಳಾಸ ಈ ಕಾಗದದ ತಲೆಯ ಮೇಲೇ ಇದೆ. ಇಷ್ಟು ಬರೆದ ಮೇಲೆ ಹಿಂದೆ ಸರಿಯುವ ಹಾಗಿಲ್ಲ, ಮುಂದೆ ಬರೆಯುತ್ತೇನೆ. ಆದರೆ ನನ್ನ ರೀತಿಯಲ್ಲಿ, ಸುತ್ತು ಬಳಸಿ. ನೇರ ಬರೆಯುವಷ್ಟು ಎದೆಗಾರಿಕೆ ನನಗಿಲ್ಲ.

ಜುಲೈಯಲ್ಲಿ ರಜೆಗೆ ಬಂದಾಗ ನೀವು ಕೈಗೆ ಕಟ್ಟಿ ಎದೆಬಡಿತ ಎಣಿಸುವ ಎರಡು ಬ್ಯಾಂಡ್ ತಂದಿರಿ. ಮಾವನಿಗೊಂದು, ನನಗೊಂದು. ಇದೇ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಕನ್ನಡಕ ಮೂಗಿನ ತುದಿಗೆ ತಂದು, ಒಂದು ಸಂಜೆಯೆಲ್ಲ ಕೂತು ಹೊಂದಿಸಿದಿರಿ. ಹಡಗಿನಲ್ಲಿ ಮೀಟರಿನ ಮುಳ್ಳು ನೋಡುವುದೇ ನಿಮ್ಮ ಕೆಲಸ, ಮನೆಗೆ ಬಂದರೂ ಮುಳ್ಳು ಬೇಕು. ಎರಡು ವರ್ಷದ ಹಿಂದೆ ಮಾವನಿಗೆ ಹೃದಯಾಘಾತ ಆದಾಗ ಡಾಕ್ಟರು ಹೇಳಿದ್ದ ಲೆಕ್ಕವನ್ನೇ ಅವರ ಬ್ಯಾಂಡಿಗೆ ಹಾಕಿದಿರಿ: ನಿಧಾನ ನಡಿಗೆ ಮಾತ್ರ, ಬಡಿತ ನೂರಹತ್ತು ಮೀರಿದರೆ ಒಂದು ಉದ್ದ ಗುರ್ರ್, ಅಂದರೆ ನಿಲ್ಲಿ, ಕೂತುಕೊಳ್ಳಿ. ನನ್ನದಕ್ಕೆ ಬೇರೆ ಲೆಕ್ಕ: ದಿನಕ್ಕೆ ನಲವತ್ತು ನಿಮಿಷ ಬಡಿತ ನೂರಿಪ್ಪತ್ತರ ಮೇಲಿರಬೇಕು, ನಡಿಗೆಯ ಮಧ್ಯೆ ಕೆಳಗಿಳಿದರೆ, ಇಲ್ಲವೇ ಬಹಳ ಹೊತ್ತು ಕೂತೇ ಇದ್ದರೆ, ಎರಡು ಚುರುಕು ಗುರ್ರ್, ಅಂದರೆ ಏಳು, ನಡಿ. ನಲವತ್ತು ಮುಗಿದಾಗ ಮಾತ್ರ ಒಂದು ಉದ್ದ ಗುರ್ರ್, ಸಾಕು ಅಂತ. ಮೇಲೆ ಎಲ್ಲಿಯವರೆಗೆ ಹೋಗಬಹುದು ಅಂತ ನನ್ನದಕ್ಕೆ ಮಿತಿ ಹಾಕಲಿಲ್ಲ. "ನಿಂಗ್ಯಾಕೆ ಮಿತಿ, ನೀನೆಲ್ಲಿ ಓಡ್ತೀಯ?" ಅಂತ ನಕ್ಕಿರಿ. ಎರಡರ ಲೆಕ್ಕವೂ ನಿಮ್ಮ ಫೋನಿಗೆ ಬರುವ ಹಾಗೆ ಮಾಡಿಕೊಂಡು ಹಡಗು ಹತ್ತಿದಿರಿ. ಹೊರಡುವ ದಿನ ನಾನು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದೆ, ನೆನಪಿದೆಯೇ?

ಎದೆ ಬಡಿದರೆ ನೂರಿಪ್ಪತ್ತು,
ಹತ್ತಿರ ಬಾರದು ಆಪತ್ತು.

ನೀವು ಬಹಳ ಮೆಚ್ಚಿದಿರಿ. ಮಾವ "ಪ್ರಾಸಮ್ಮ, ಇದನ್ನ ಆಸ್ಪತ್ರೆ ಗೋಡೆಗೆ ಬರೆಸು" ಅಂದರು. ಇಷ್ಟೆಲ್ಲ ಓದಿ ನಾನು ಸಾಧಿಸಿದ್ದು ಇಷ್ಟೇ, ಯಾವ ಪದದ ಹಿಂದೆ ಯಾವ ಪದ ಬರುತ್ತದೆ ಅಂತ ಗೊತ್ತು. ಯಾವ ಕೆಲಸದ ಹಿಂದೆ ಏನು ಬರುತ್ತದೆ ಅಂತ ಗೊತ್ತಿಲ್ಲ.

ಮೊದಲ ಎರಡು ವಾರ ಪ್ರಾಮಾಣಿಕವಾಗಿ ಒದ್ದಾಡಿದೆ. ಹಗ್ಗ ಹಾರಿದೆ, ಕೆಳಗಿನ ಮನೆಯವರು ಛಾವಣಿ ಬೀಳುತ್ತಿದೆ ಅಂತ ಮೇಲೆ ಬಂದರು. ಮೆಟ್ಟಿಲು ಹತ್ತಿ ಇಳಿದೆ, ಮೊಣಕಾಲು ಊದಿತು. ಕೆಲಸದಲ್ಲಂತೂ ಆ ಬ್ಯಾಂಡ್ ನನ್ನ ಮಾನ ಕಳೆಯಿತು. ನಾನು ಕೂರುವುದು ಸಮವಸ್ತ್ರ ಹೊಲಿಯುವ ಶೆಡ್ಡಿನಲ್ಲಿ, ಕಾಜಾ ಹಾಕುವ ಯಂತ್ರದ ಮುಂದೆ, ದಿನಕ್ಕೆ ಎಂಟು ಗಂಟೆ. ಗಂಟೆಗೊಮ್ಮೆ ಅದು ಗುರ್ರ್ ಗುರ್ರ್ ಅಂತ ಎಬ್ಬಿಸುತ್ತಿತ್ತು. ಮೇಲ್ವಿಚಾರಕಿ, ನಾವೆಲ್ಲ ಹಿಂದಿನಿಂದ ಗಡಿಯಾರ ಅನ್ನುತ್ತೇವಲ್ಲ ಆಕೆ, "ಏನಮ್ಮ, ನಿನ್ನ ಕೈ ಹಸಿದಿದ್ಯಾ?" ಅಂತ ಕೇಳಿದಳು. ಸಾಲಿನವರೆಲ್ಲ ನಕ್ಕರು. ನಾನೂ ನಕ್ಕೆ. "ಕಣ್ಣು ಸೂಜಿಯ ಮೇಲೆ, ಬೆರಳು ಬಟ್ಟೆಯ ಮೇಲೆ, ಮಾತು ಊಟದ ವೇಳೆ" ಅಂತ ಆ ಶೆಡ್ಡಿನ ಗೋಡೆಗೆ ಬರೆದುಕೊಟ್ಟವಳೇ ನಾನು, ಎದುರು ಮಾತಾಡುವ ಹಾಗೂ ಇರಲಿಲ್ಲ.

ಸಂಜೆಯಾದರೆ ನಿಮ್ಮ ಸಂದೇಶ: "ಇವತ್ತು ನಾಲ್ಕೇ ನಿಮಿಷ? ಯಾಕೆ?" ಮರುದಿನ: "ಅಪ್ಪ ನೋಡು, ಎಷ್ಟು ನಿಯಮವಾಗಿ ನಡೀತಾರೆ, ನೀನು?" ಒಂದು ದಿನವಂತೂ "ನಿನ್ನ ಎದೆ ನಿಂಗೇ ಬೇಡ ಅಂದ್ರೆ ನಾನೇನ್ ಮಾಡ್ಲಿ" ಅಂತ ಬರೆದಿರಿ. ಅದನ್ನು ಓದಿ ನಾನು ಇದೇ ಮೇಜಿನ ಮುಂದೆ ಕೂತು ಅತ್ತೆ. ಮಾವ ನೋಡಿದರು. ಅವರಿಗೆ ಅಳು ನೋಡಿದರೆ ಆಗುತ್ತಿರಲಿಲ್ಲ, ಕೂಡಲೇ ಏನಾದರೂ ರಿಪೇರಿ ಮಾಡಬೇಕು. "ಎಷ್ಟು ಬೇಕಂತೆ ನಿನ್ನ ಗಂಡನಿಗೆ?" ಅಂದರು. "ನೂರಿಪ್ಪತ್ತು." "ಅಷ್ಟೇನಾ? ನನ್ನ ಎದೆ ಸ್ನಾನದ ಮನೆಗೆ ಹೋಗಿ ಬಂದ್ರೇ ನೂರಾಗುತ್ತೆ. ಕೊಡು ಇಲ್ಲಿ."

ಹೀಗೆ ಶುರುವಾಯಿತು. ಆಗಸ್ಟ್ ಮೂವತ್ತು, ಶನಿವಾರ.

ತಮಾಷೆ ಅಂತಲೇ ಕಟ್ಟಿದೆ. ಬೆಳಗ್ಗೆ ಆರು ಗಂಟೆಯ ನಡಿಗೆಗೆ ಹೊರಡುವಾಗ ನನ್ನ ಬ್ಯಾಂಡನ್ನು ಅವರ ಕೈಗೆ ಕಟ್ಟಿದೆ. ಅವರದ್ದನ್ನೂ ಇನ್ನೊಂದು ಕೈಗೆ ಕಟ್ಟಹೋದೆ. ಕೈ ಹಿಂದಕ್ಕೆ ಎಳೆದುಕೊಂಡರು. "ಒಂದು ಎಂಜಿನ್‌ಗೆ ಒಂದೇ ಗಂಟೆ ಮಗಳೇ. ಎರಡು ಕಡೆಯಿಂದ ಗಂಟೆ ಬಂದ್ರೆ ಯಾವುದನ್ನ ಕೇಳ್ಲಿ?" ಮೂವತ್ತೆರಡು ವರ್ಷ ಗಣಿಯ ಬಾಯಲ್ಲಿ, ಲಿಫ್ಟ್ ಎಳೆಯುವ ಎಂಜಿನ್ನಿನ ಮುಂದೆ ಕೂತವರು ಅವರು, ನಿಮಗೆ ನಾನು ಹೇಳಬೇಕೇ? ಆಳದಲ್ಲಿರುವ ಜನ ಅವರಿಗೆ ಕಾಣುತ್ತಿರಲಿಲ್ಲ, ಬರೀ ಗಂಟೆ ಕೇಳುತ್ತಿತ್ತು. ಎರಡು ಹೊಡೆದರೆ ನಡೆಸು, ಒಂದು ಹೊಡೆದರೆ ನಿಲ್ಲಿಸು. ನನಗೆ ಎಷ್ಟು ಸಲ ಹೇಳಿದ್ದರು, "ನಂಗೆ ಅನ್ನಿಸ್ತು ಅಂತ ಮಧ್ಯದಲ್ಲಿ ನಿಲ್ಲಿಸಿಬಿಟ್ರೆ, ಒಳಗಿರೋರು ಕತ್ತಲಲ್ಲಿ ನೇತಾಡ್ಬೇಕಾಗುತ್ತೆ. ಅನ್ನಿಸಿದ್ದನ್ನ ನಂಬಬಾರದು, ಗಂಟೆನ ನಂಬ್ಬೇಕು" ಅಂತ. ಅಂಥವರ ಬ್ಯಾಂಡನ್ನು ನಾನು ಮೇಜಿನ ಡ್ರಾಯರಿಗೆ ಹಾಕಿ, ನನ್ನದನ್ನು ಕಟ್ಟಿ ಕಳಿಸಿದೆ. ಬೆಳಗ್ಗೆ ಆರರಿಂದ ಏಳರವರೆಗೆ ಅಪ್ಪನ ಲೆಕ್ಕ ಖಾಲಿ ಯಾಕೆ ಅಂತ ನೀವು ಕೇಳಿದಿರಿ. ಚಾರ್ಜಿಗೆ ಹಾಕುತ್ತಾರೆ ಅಂತ ನಾನೇ ಬರೆದೆ. ಆಮೇಲೆ ನೀವು ಅದನ್ನು ಕೇಳಲಿಲ್ಲ. ನನ್ನನ್ನು ನೀವು ನಂಬುತ್ತೀರಿ, ಅದು ನನಗೆ ಗೊತ್ತಿತ್ತು.

ಮೊದಲ ದಿನ ಆರು ನಿಮಿಷ ಬಂತು. ಮಾವ ಪರೀಕ್ಷೆಯಲ್ಲಿ ನಪಾಸಾದ ಹಾಗೆ ಮುಖ ಮಾಡಿಕೊಂಡು ಬಂದರು. "ಬರೀ ಎರಡೆರಡೇ ಹೊಡೀತು ಕಣಮ್ಮ, ಒಂದು ಹೊಡೀಲೇ ಇಲ್ಲ" ಅಂದರು. ನಾನು ನಕ್ಕು, ಸಾಕು ಮಾವ, ಆರು ನಿಮಿಷ ನನ್ನಿಂದಲೂ ಆಗುತ್ತಿರಲಿಲ್ಲ ಅಂದೆ. ಮರುದಿನ ಒಂಬತ್ತು. ಆಮೇಲೆ ಹದಿನಾಲ್ಕು. ನಿಮ್ಮ ಸಂದೇಶಗಳ ಬಣ್ಣ ಬದಲಾಯಿತು. "ಭೇಷ್!" "ನೋಡಿದ್ಯಾ, ಮನಸ್ಸು ಮಾಡಿದ್ರೆ ಆಗುತ್ತೆ!" ನಾನು ಅದನ್ನು ಮಾವನಿಗೆ ಓದಿ ಹೇಳುತ್ತಿದ್ದೆ. ಅವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು, ಭುಜ ಮಾತ್ರ ಕುಣಿಯುತ್ತಿತ್ತು. ಮಗ ಇಷ್ಟು ವರ್ಷದಲ್ಲಿ ಅವರಿಗೆ ಭೇಷ್ ಅಂದಿದ್ದು ಅದೇ ಮೊದಲೋ ಏನೋ, ಅದೂ ನನ್ನ ಹೆಸರಿನಲ್ಲಿ.

ಆ ಒಂದು ಗಂಟೆ ನಾನೇನು ಮಾಡುತ್ತಿದ್ದೆ ಅಂತ ಕೇಳಿ. ಏನೂ ಮಾಡುತ್ತಿರಲಿಲ್ಲ. ಕಾಫಿ ಮಾಡಿಕೊಂಡು, ಕಿಟಕಿಯ ಪಕ್ಕ ಕಾಲು ಮಡಚಿ ಕೂರುತ್ತಿದ್ದೆ. ಯಂತ್ರದ ಸದ್ದಿಲ್ಲ, ಗಡಿಯಾರ ಇಲ್ಲ, ಕೈಯಲ್ಲಿ ಗುರ್ರ್ ಇಲ್ಲ. ಹಳೆಯ ಪುಸ್ತಕ ತೆಗೆದು ನಾಲ್ಕು ಸಾಲು ಓದುತ್ತಿದ್ದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನನ್ನದು ಅಂತ ಸಿಕ್ಕ ಗಂಟೆ ಅದು. ಬಹಳ ಸಿಹಿಯಾಗಿತ್ತು ರೀ. ಸುಳ್ಳು ಹೇಳಬಾರದು ಅಂತ ಕೂತಿರುವುದರಿಂದ ಇದನ್ನೂ ಹೇಳುತ್ತೇನೆ: ಅದಕ್ಕಾಗಿಯೇ ನಾನು ಕಣ್ಣು ಮುಚ್ಚಿಕೊಂಡೆ. ನಿಧಾನವಾಗಿ ನಡೆಯುವ ಮುದುಕರ ಬಡಿತ ದಿನದಿನಕ್ಕೂ ಅಷ್ಟು ಹೊತ್ತು ನೂರಿಪ್ಪತ್ತರ ಮೇಲೆ ಹೇಗೆ ನಿಂತೀತು ಅಂತ ಲೆಕ್ಕ ಹಾಕಲು ಪದವಿ ಬೇಕಿರಲಿಲ್ಲ. ಹತ್ತೊಂಬತ್ತು, ಇಪ್ಪತ್ತಾರು, ಮೂವತ್ತೊಂದು. ಸಂಖ್ಯೆ ಫೋನಿನಲ್ಲಿ ಏರುವುದನ್ನು ನೋಡುತ್ತಿದ್ದೆ. ಬಂದವರ ತುಟಿ ಬೂದಿ ಬಣ್ಣಕ್ಕೆ ತಿರುಗಿದ್ದನ್ನೂ ನೋಡುತ್ತಿದ್ದೆ. ಒಂದು ಸಲ ಕೇಳಿದೆ, "ಮಾವ, ಜೋರಾಗಿ ನಡೀತಿಲ್ಲ ತಾನೆ?" "ಗಂಟೆ ಹೇಳ್ದಷ್ಟೇ ನಡೀತೀನಿ" ಅಂದರು. ನಾನು ಆ ಉತ್ತರವನ್ನು ಒಪ್ಪಿಕೊಂಡೆ. ಒಪ್ಪಿಕೊಂಡರೆ ಮರುದಿನದ ಕಾಫಿ ಉಳಿಯುತ್ತಿತ್ತು.

ಸೆಪ್ಟೆಂಬರ್ ಹದಿನೇಳು, ಬುಧವಾರ. ನಾನು ಬ್ಯಾಂಡ್ ಕಟ್ಟುವಾಗ "ಇವತ್ತು ಆ ಒಂದು ಗಂಟೆ ಹೊಡೆಸಿಕೊಂಡೇ ಬರ್ತೀನಿ" ಅಂದರು. ಫ್ರಿಜ್ಜಿನ ಮುಂದೆ ನಿಂತು ನನ್ನ ಪ್ರಾಸವನ್ನು ಗಟ್ಟಿಯಾಗಿ ಓದಿದರು, ಪಾಠ ಒಪ್ಪಿಸುವ ಹಾಗೆ. ಚಪ್ಪಲಿ ಮೆಟ್ಟಿ ಹೋದರು. ಆಮೇಲಿನದ್ದು ನನಗೆ ಹೇಳಿದ್ದು ರೈಲು ಹಳಿ ದಾಟುವ ಮೇಲುಸೇತುವೆಯ ಬುಡದಲ್ಲಿ ಪೇಪರ್ ಮಾರುವ ಹೆಂಗಸು. ನಲವತ್ತೆರಡು ಮೆಟ್ಟಿಲಿನ ಆ ಸೇತುವೆಯನ್ನು ಅವರು ಆ ವಾರವೆಲ್ಲ ಹತ್ತಿ ಇಳಿಯುತ್ತಿದ್ದರಂತೆ. ಸಮ ರಸ್ತೆಯಲ್ಲಿ ನೂರಿಪ್ಪತ್ತು ಬರುವುದಿಲ್ಲ ನೋಡಿ. ಅಂದು ನಡುವಿನ ಕಟ್ಟೆಯಲ್ಲಿ ಎರಡು ಸಲ ಕೂತರಂತೆ. ಕೂತ ಸ್ವಲ್ಪ ಹೊತ್ತಿಗೆ ಕೈ ನೋಡಿಕೊಂಡು ಎದ್ದರಂತೆ. ಆಕೆ ಕೆಳಗಿನಿಂದ "ತಾತ, ಸುಮ್ನೆ ಕೂತ್ಕೊಳ್ಳಿ, ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ?" ಅಂತ ಕೂಗಿದ್ದಾಳೆ. ಅವರು ಕಂಬಿ ಹಿಡಿದುಕೊಂಡು ಹೇಳಿದ್ದು ಇಷ್ಟು: "ನಿಲ್ಲೋ ಗಂಟೆ ಇನ್ನೂ ಬಂದಿಲ್ಲಮ್ಮ."

ನಿಲ್ಲುವ ಗಂಟೆ ಈ ಮೇಜಿನ ಡ್ರಾಯರಿನಲ್ಲಿತ್ತು. ನೀವು ಹೊಂದಿಸಿ ಕೊಟ್ಟಿದ್ದು, ನೂರಹತ್ತಕ್ಕೇ ಹೊಡೆಯುತ್ತಿತ್ತು. ಮೊದಲನೇ ದಿನ, ಮೊದಲನೇ ಮೆಟ್ಟಿಲಿಗೇ ಹೊಡೆಯುತ್ತಿತ್ತು. ಹೊಡೆದಿದ್ದರೆ ನಿಮ್ಮಪ್ಪ ಅಲ್ಲೇ ಕಲ್ಲಿನ ಹಾಗೆ ನಿಲ್ಲುತ್ತಿದ್ದರು.

ಸೇತುವೆಯ ಮೇಲೆ ಕುಸಿದವರನ್ನು ಯಾರೋ ಆಸ್ಪತ್ರೆಗೆ ಸಾಗಿಸಿದ್ದರು, ನಾನು ಮುಟ್ಟುವ ಹೊತ್ತಿಗೆ ಮುಗಿದಿತ್ತು. ಡಾಕ್ಟರು "ಇವರನ್ನ ಮೆಟ್ಟಿಲು ಹತ್ತೋಕೆ ಬಿಟ್ಟಿದ್ದು ಯಾರು?" ಅಂತ ಕೇಳಿದರು. ನರ್ಸ್ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕನ್ನಡಕ, ಮನೆಯ ಬೀಗದ ಕೈ, ಬ್ಯಾಂಡ್ ಹಾಕಿ ತಂದು "ಇದೂ ಅವರದ್ದೇ ತಾನೆ?" ಅಂದಳು. "ನನ್ನದು" ಅಂದೆ. ಅಂದಿನಿಂದ ಇಂದಿನವರೆಗೆ ಈ ವಿಷಯದಲ್ಲಿ ನಾನು ಆಡಿದ ನಿಜ ಅದೊಂದೇ, ಅದನ್ನೂ ಆಕೆ ದುಃಖದಲ್ಲಿ ಏನೋ ಅನ್ನುತ್ತಿದ್ದಾಳೆ ಅಂದುಕೊಂಡಳು. ಹೊರಗೆ ಬೆಂಚಿನ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಸ್ವಲ್ಪ ಹೊತ್ತಿಗೆ ಅದರೊಳಗಿಂದ ಗುರ್ರ್ ಗುರ್ರ್ ಅಂತು. ಬಹಳ ಹೊತ್ತು ಕೂತಿದ್ದೀರಿ, ಏಳಿ, ನಡೆಯಿರಿ ಅಂತ. ಅದರ ಬೆನ್ನಿಗೇ ನನ್ನ ಫೋನಿಗೆ ನಿಮ್ಮ ಸಂದೇಶ ಬಂತು: "ಇವತ್ತು ಮೂವತ್ತೇಳು! ಇನ್ನು ಮೂರೇ ನಿಮಿಷ. ಶಭಾಷ್ ಪ್ರಾಸಮ್ಮ!" ಜೊತೆಗೆ ಚಪ್ಪಾಳೆ ತಟ್ಟುವ ಆರು ಕೈಗಳು. ನಾನು ಅವನ್ನು ಎಣಿಸಿದೆ. ಆಮೇಲೆ ನಿಮ್ಮ ಕಂಪನಿಯ ಕಚೇರಿಗೆ ಫೋನ್ ಮಾಡಿ ಸುದ್ದಿ ಹೇಳಿದೆ.

ನೀವು ನಡು ಸಮುದ್ರದಲ್ಲಿದ್ದಿರಿ, ಬರಲಾಗಲಿಲ್ಲ. ಅಲ್ಲಿಂದಲೇ ಫೋನಿನಲ್ಲಿ ಅಪ್ಪನ ಲೆಕ್ಕ ತೆಗೆದು ನೋಡಿದಿರಿ. ಬೆಳಗ್ಗೆ ಆರರ ನಂತರ ಖಾಲಿ. ಬ್ಯಾಂಡ್ ಬಿಚ್ಚಿಟ್ಟು ಹೋಗಿದ್ದರಾ ಅಂತ ಕೇಳಿದಿರಿ. ಹೌದು ಅಂದೆ. ಅದು ಸುಳ್ಳಲ್ಲ, ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಆ ಒಂದು ಹೌದು ನಿಮ್ಮಪ್ಪನನ್ನು ಹಟಮಾರಿ ಮಾಡಿತು. ಜೀವಮಾನದಲ್ಲಿ ಒಂದು ಗಂಟೆಯನ್ನೂ ಮೀರದವರನ್ನು ಸತ್ತ ಮೇಲೆ ನಾನು ಮಾತು ಕೇಳದವರನ್ನಾಗಿ ಮಾಡಿದೆ. ಕೊಂದಿದ್ದಕ್ಕಿಂತ ಇದು ದೊಡ್ಡದು ಅಂತ ಕೆಲವು ಸಲ ಅನ್ನಿಸುತ್ತದೆ, ಕೆಲವು ಸಲ ಕೊಂದಿದ್ದೇ ದೊಡ್ಡದು ಅನ್ನಿಸುತ್ತದೆ. ಕಾಜಾ ಯಂತ್ರದ ಮುಂದೆ ದಿನವೆಲ್ಲ ಇದನ್ನೇ ತೂಗುತ್ತಿರುತ್ತೇನೆ. ಮೊನ್ನೆ ಇಪ್ಪತ್ತು ಅಂಗಿಗೆ ಗುಂಡಿಯ ಕಡೆಗೇ ಕಾಜಾ ಹಾಕಿದೆ. ಗಡಿಯಾರ ಬೈಯಲಿಲ್ಲ, ಇರಲಿ ಬಿಡು ಅಂತ ಪಕ್ಕಕ್ಕೆ ಇಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಪ್ರಾಸ ಬಿಟ್ಟಿದ್ದೇನೆ. ಸಾವು ಅಂದರೆ ನೋವು, ಕಾವು, ಹಾವು, ನಾವು, ನೀವು ಅಂತ ತಾವಾಗಿಯೇ ಸಾಲಾಗಿ ಬಂದು ನಿಲ್ಲುತ್ತವೆ, ಕರೆಯುವುದೇ ಬೇಡ. ಅಷ್ಟು ಸುಲಭವಾಗಿ ಬರುವುದನ್ನು ನೋಡಿ ಅಸಹ್ಯವಾಯಿತು. ಫ್ರಿಜ್ಜಿನ ಚೀಟಿ ಕಿತ್ತು ಹಾಕಿದೆ. ಅಂಟಿನ ಗುರುತು ಮಾತ್ರ ಹೋಗುತ್ತಿಲ್ಲ, ಬಿಸಿನೀರು ಹಾಕಿ ಉಜ್ಜಿದ್ದೂ ಆಯಿತು.

ಕ್ಷಮಿಸಿ ಅಂತ ಬರೆಯುವುದಿಲ್ಲ. ಬರೆದರೆ ನೀವು ಉತ್ತರ ಹುಡುಕಬೇಕಾಗುತ್ತದೆ, ಈ ಕಾಗದ ಅದಕ್ಕಲ್ಲ. ಡಿಸೆಂಬರಿನಲ್ಲಿ ರಜೆಗೆ ಈ ಮನೆಗೆ ಬರುತ್ತೀರೋ ಇಲ್ಲವೋ ನಿಮಗೆ ಬಿಟ್ಟದ್ದು. ನಾನು ಇದ್ದರೆ ಬರಲಾಗುವುದಿಲ್ಲ ಅಂದರೆ ಒಂದು ಸಾಲು ಬರೆಯಿರಿ ಸಾಕು, ಬೀಗದ ಕೈ ಕೆಳಗಿನ ಮನೆಯಲ್ಲಿ ಕೊಟ್ಟು ಹೋಗಿರುತ್ತೇನೆ. ಮಾವನ ಕೋಣೆ ಹೇಗಿತ್ತೋ ಹಾಗೇ ಇದೆ. ಕಪಾಟಿನ ಕೆಳಗಿನ ಖಾನೆಯಲ್ಲಿ ಅವರ ಕೆಲಸದ ಬೂಟುಗಳಿವೆ, ಇಷ್ಟು ವರ್ಷವೂ ಪಾಲಿಶ್ ಮಾಡಿಡುತ್ತಿದ್ದರು. ಈಗ ಭಾನುವಾರಗಳಂದು ನಾನು ಮಾಡುತ್ತೇನೆ.

ಎಂಜಿನ್ ರೂಮಿನ ನಿಮ್ಮ ಜೊತೆಯವರಿಗೆಲ್ಲ ನಮಸ್ಕಾರ ಹೇಳಿ. ಹೊಟ್ಟೆಗೆ ಸರಿಯಾಗಿ ತಿನ್ನಿ, ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ. ಈ ಕಾಗದ ಓದಿದ ಮೇಲೂ ನಿಮಗೆ ಒಳ್ಳೆಯದಾಗಲಿ ಅಂತ ಬಯಸುವ ಹಕ್ಕು ನನಗೆ ಉಳಿದಿದ್ದರೆ, ಒಳ್ಳೆಯದಾಗಲಿ.

ಇತಿ,
ನಿಮ್ಮ ಮನೆಯವಳು
(ಮಾವನಿಗೆ ಪ್ರಾಸಮ್ಮ)

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಬಿಡಿಸಿ ಬರೆಯುತ್ತಿದ್ದೇನೆ. ಮುಖ್ಯವಾದದ್ದು ಇದೇ. ಮಾವ ಹೋದ ದಿನ ಸಂಜೆ ಹೆದರಿಕೊಂಡು ನಾನು ನನ್ನ ಫೋನಿನಿಂದ ಬ್ಯಾಂಡಿನ ಆ್ಯಪ್, ಲೆಕ್ಕ, ಎಲ್ಲ ಅಳಿಸಿಬಿಟ್ಟೆ. ಈಗ ಉಳಿದಿರುವುದು ನಿಮ್ಮ ಫೋನಿನಲ್ಲಿ ಮಾತ್ರ. ಅದು ಎರಡು ತಿಂಗಳ ಹಿಂದಿನದ್ದನ್ನು ತಾನಾಗಿಯೇ ಅಳಿಸುತ್ತಾ ಬರುತ್ತದೆ ಅಂತ ನೀವೇ ಹೇಳಿದ್ದಿರಿ. ಆಗಸ್ಟಿನದ್ದು ಆಗಲೇ ಹೋಗಿದೆ. ಸೆಪ್ಟೆಂಬರ್ ಹದಿನೇಳರದ್ದು ನವೆಂಬರ್ ಹದಿನೇಳಕ್ಕೆ ಹೋಗುತ್ತದೆ. ಕಾಗದ ಸಿಕ್ಕ ದಿನವೇ ನನ್ನ ಹೆಸರಿನಡಿಯಲ್ಲಿ ಬೆಳಗ್ಗೆ ಆರರಿಂದ ಏಳು ತೆಗೆದು, ಫೋಟೋ ಹಿಡಿದಿಟ್ಟುಕೊಳ್ಳಿ. ಬಡಿತದ ಗೆರೆ ಏರುತ್ತಾ ಹೋಗಿ ಎರಡು ಕಡೆ ತಗ್ಗುತ್ತದೆ, ಅಲ್ಲಿ ಅಪ್ಪ ಕೂತಿದ್ದರು. ಎರಡು ಸಲವೂ ಮತ್ತೆ ಮೇಲೇರುತ್ತದೆ ನೋಡಿ, ಎದ್ದು ನಡಿ ಅಂದಾಗ ಎದ್ದರು. ಆ ಗೆರೆ ನಿಲ್ಲುವವರೆಗೂ ಹೇಳಿದ ಮಾತನ್ನು ಅವರು ಕೇಳಿದ್ದಾರೆ.